ಬೇರು ತೊಳೆದು ನೋಡಿ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಪುಣೆಯಲ್ಲಿ ದುಡಿಯುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ತುಂಡು ಗದ್ದೆ ಉಂಟು. ಗೇಯುವವರು ಅಣ್ಣತಮ್ಮಂದಿರು, ಗೊಬ್ಬರದ ಹಣ ಇಲ್ಲಿಂದ ಹೋಗುತ್ತದೆ. "ತಮ್ಮಾ, ಪೈರು ಹಳದಿ ಬಿದ್ದೈತಿ, ಯೂರಿಯಾಕ್ಕೆ ರೊಕ್ಕ ಕಳಿಸು" ಎಂದೊಡನೆ ಪಗಾರದಲ್ಲಿ ಮುರಿದು ಕಳಿಸುತ್ತೇವೆ. ಕಳಿಸುವ ಮುನ್ನ ಒಂದು ಮಾತು ಕೇಳಬೇಕು: ಬೇರು ನೋಡಿದಿರಾ? ಜೋಳದ ಸೀಮೆಯ ಮಿತ್ರರು ಕ್ಷಮಿಸಬೇಕು, ಇಂದಿನದು ಭತ್ತದ ಮಾತು.

ಭತ್ತ ಹಳದಿಯಾಗಲು ಸಾರದ ಕೊರತೆಯೊಂದೇ ಕಾರಣವಲ್ಲ. ಬೇರುಗಂಟು ಜಂತುಹುಳು ಎಂಬುದೊಂದು ಉಂಟು. ಮರಿಯ ಉದ್ದ ಅರ್ಧ ಮಿಲಿಮೀಟರಿನಷ್ಟು; ಮಣ್ಣಿನಲ್ಲಿ ಕಣ್ಣಿಗೆ ಬೀಳದು. ಅಮೆರಿಕದ ಲೂಸಿಯಾನ ಪ್ರಾಂತದಲ್ಲಿ ಒಂದು ಹುಲ್ಲಿನ ಬೇರಿನಲ್ಲಿ ಇದನ್ನು ಕಂಡು ಗೋಲ್ಡನ್ ಮತ್ತು ಬರ್ಚ್‌ಫೀಲ್ಡ್ ಎಂಬ ವಿಜ್ಞಾನಿಗಳು 1965ರಲ್ಲಿ 'ಮೆಲಾಯ್ಡೊಗೈನ್ ಗ್ರಾಮಿನಿಕೋಲ' ಎಂದು ಹೆಸರಿಟ್ಟರು. ಹೆಸರಿಗೆ ನಾಲಗೆ ತಿರುಗದಿದ್ದರೆ ಬಿಡಿ, ಗುರುತು ತಿಳಿದರೆ ಸಾಕು. 2001ರಲ್ಲಿ ನಮ್ಮ ಶಿವಮೊಗ್ಗ, ಮಂಡ್ಯ ಜಿಲ್ಲೆಗಳ ಗದ್ದೆಗಳಲ್ಲೇ ಇದರ ಹಾವಳಿ ಕಾಣಿಸಿತು.

ಮರಿಹುಳು ಎಳೆಬೇರಿನ ತುದಿಯನ್ನು ಹೊಕ್ಕು ಅಲ್ಲೇ ನೆಲೆಯೂರುತ್ತದೆ. ಬೇರು ಊದಿ, ತುದಿ ಕೊಕ್ಕೆಯಂತೆ ಬಾಗುತ್ತದೆ. ಬೆಚ್ಚಗಿನ ಕಾಲದಲ್ಲಿ ಮೂರು ನಾಲ್ಕು ವಾರಕ್ಕೆ ಒಂದು ಪೀಳಿಗೆ. ಮೊಟ್ಟೆಯೂ ಬೇರಿನೊಳಗೇ. ಅಂಥ ಬೇರು ನೀರನ್ನೂ ಸಾರವನ್ನೂ ಸರಿಯಾಗಿ ಎಳೆಯಲಾರದು. ಯೂರಿಯಾ ಎರಚಿದರೆ ಹುಳು ಸಾಯುವುದಿಲ್ಲ.

ಪೈರನ್ನು ಕಿತ್ತೆಳೆದರೆ ಬೇರು ಹರಿದು ಗಂಟು ಮಣ್ಣಿನಲ್ಲೇ ಉಳಿದೀತು. ಗುದ್ದಲಿಯಿಂದ ಮಣ್ಣುಸಮೇತ ಎತ್ತಿ, ಬಕೆಟ್ಟಿನ ನೀರಿನಲ್ಲಿ ಮೆಲ್ಲಗೆ ತೊಳೆಯಬೇಕು. ಶೇಂಗಾ, ಅವರೆಯ ಬೇರಿನ ಗಂಟು ಕಂಡವರು ಇದೂ ಒಳ್ಳೆಯದೇ ಎಂದುಕೊಳ್ಳಬಾರದು. ಅದು ಬೇರಿನ ಪಕ್ಕಕ್ಕೆ ಅಂಟಿದ ಗುಂಡು, ಉಗುರು ತಾಗಿದರೆ ಉದುರುತ್ತದೆ; ಇಲ್ಲಿ ಊದಿಕೊಂಡದ್ದು ಬೇರೇ.

ನೀರು ನಿಂತ ಗದ್ದೆಯಲ್ಲಿ ಮಣ್ಣಿನ ಹುಳು ಬೇರನ್ನು ಹೊಗಲಾರದು. ಆದರೆ ಸಾಯದೆ ಕಾದಿರುತ್ತದೆ. ಕಾಲುವೆ ನೀರು ಪಾಳಿಗೆ ಬಿದ್ದು ಗದ್ದೆ ಆರಿತೋ, ಅದಕ್ಕೆ ಸುಗ್ಗಿ. ನೀರಿದ್ದವರು ಸಸಿಮಡಿಯಿಂದಲೇ ನೀರು ನಿಲ್ಲಿಸುವುದು ಮೇಲು. ನಮ್ಮ ಅಭಿಪ್ರಾಯದಲ್ಲಿ ಮಡಿಯೇ ಮುಖ್ಯ. ಸೋಂಕಿದ ಸಸಿ ನೆಟ್ಟರೆ ಹುಳುವನ್ನು ಕೈಯಾರೆ ಗದ್ದೆಗೆ ಹೊತ್ತಂತೆ. ಬೇಸಗೆಯಲ್ಲಿ ಮಡಿಯ ಮಣ್ಣು ನೆನೆಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೂರು ವಾರ ಬಿಸಿಲಿಗೆ ಬಿಡಬೇಕು. ಜೇಕು ಮತ್ತು ಗದ್ದೆಹುಲ್ಲು ಇದಕ್ಕೆ ಆಶ್ರಯ, ಕೀಳಿಸಬೇಕು. ಭತ್ತದ ಮೇಲೆ ಭತ್ತ ಹಾಕದೆ ನಡುವೆ ಎಳ್ಳು, ಸಾಸಿವೆ ಆದೀತು. ಈರುಳ್ಳಿ ಬೇಡ, ಅದರ ಬೇರಿನಲ್ಲೂ ಈ ಹುಳು ಬದುಕುತ್ತದೆ.

ಔಷಧಿಯನ್ನು ಅಂಗಡಿಯವನ ಮಾತಿನ ಮೇಲೆ ತರಬಾರದು. ಬೇರನ್ನು ಒದ್ದೆ ಮಣ್ಣಿನೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಣಗುವ ಮುನ್ನ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಲಿ; ಮಂಡ್ಯದ ಕಡೆಯವರಿಗೆ ವಿ. ಸಿ. ಫಾರ್ಮ್ ಇದೆ. ಗಂಟು ಇಲ್ಲವೆಂದು ಖಚಿತವಾದರೆ ಗೊಬ್ಬರದ ಹಣವನ್ನು ಅವಶ್ಯ ಕಳಿಸೋಣ.