‘ರೆಡ್ ಲೆಟರ್ ಡೇ’ ಎಂದರೇನು?

(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಗ್ಲಿಷ್ ಪಾಠದಲ್ಲಿ ‘ರೆಡ್ ಲೆಟರ್ ಡೇ’ ಎಂಬ ನುಡಿಗಟ್ಟು ಬಂದೊಡನೆ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ‘ಕೆಂಪು ಕಾಗದದ ದಿನ’ವೆಂದು ಬರೆದುಬಿಡುತ್ತಾರೆ. ಲೆಟರ್ ಎಂಬುದಕ್ಕೆ ಕಾಗದವೆಂಬ ಅರ್ಥವೂ ಉಂಟು. ಇಲ್ಲಿ ಮಾತ್ರ ಅದು ಅಕ್ಷರ.

ಯೂರೋಪಿನಲ್ಲಿ ಅಚ್ಚಿನ ಯಂತ್ರ ಹುಟ್ಟುವುದಕ್ಕೆ ಮೊದಲೇ ಕ್ರೈಸ್ತರು ತಮ್ಮ ಪಂಚಾಂಗಗಳನ್ನು ಕೈಯಿಂದ ಬರೆಯುತ್ತಿದ್ದರು. ದೊಡ್ಡ ಹಬ್ಬಗಳನ್ನೂ ಪ್ರಮುಖ ಸಂತರ ದಿನಗಳನ್ನೂ ಕೆಂಪು ಮಸಿಯಿಂದ, ಉಳಿದವನ್ನು ಕಪ್ಪು ಮಸಿಯಿಂದ ಗುರುತಿಸುವುದು ಅವರ ವಾಡಿಕೆ. ‘ರೂಬ್ರಿಕ್’ ಎಂಬ ಶಬ್ದವೂ ಆ ಮಸಿಯಿಂದಲೇ ಬಂದುದು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಕ್ಕೆ ಕೆಮ್ಮಣ್ಣೆಂದು ಅರ್ಥ. ಕ್ರಮೇಣ ಈ ಮಾತು ಇಗರ್ಜಿಯ ಹೊಸ್ತಿಲನ್ನು ದಾಟಿ, ಸಂತೋಷದಿಂದ ನೆನೆಯತಕ್ಕ ಯಾವ ದಿನಕ್ಕಾದರೂ ಸಲ್ಲತೊಡಗಿತು.

‘ಸಂತೋಷದಿಂದ’ ಎಂಬುದನ್ನು ಮರೆಯಬಾರದು. 2000ನೆಯ ಇಸವಿ ಜುಲೈ 30ರಂದು ನಮ್ಮ ಗಾಜನೂರಿನಿಂದ ಡಾ. ರಾಜಕುಮಾರರನ್ನು ವೀರಪ್ಪನ್ ಅಪಹರಿಸಿದುದನ್ನು ಈ ತಾಳವಾಡಿ ಸೀಮೆ ಮರೆತಿಲ್ಲ. ಆದರೂ ಅದು ರೆಡ್ ಲೆಟರ್ ಡೇ ಅಲ್ಲ. 108 ದಿನಗಳ ತರುವಾಯ, ನವೆಂಬರ್ 15ರಂದು, ಅವರಿಗೆ ಬಿಡುಗಡೆಯಾಯಿತಲ್ಲ, ಆ ದಿನಕ್ಕೆ ಈ ಮಾತು ಒಪ್ಪುತ್ತದೆ.

ಇಂಥ ದಿನವನ್ನು ಕನ್ನಡದಲ್ಲಿ ‘ಸುವರ್ಣಾಕ್ಷರಗಳಲ್ಲಿ ಬರೆದಿಡತಕ್ಕುದು’ ಎನ್ನುತ್ತೇವೆ. ಆಂಗ್ಲರ ಕೆಂಪು ನಮ್ಮಲ್ಲಿ ಹೊನ್ನಾಗಿದೆ. ಅನುವಾದದಲ್ಲಿ ಬಣ್ಣ ಬದಲಾದುದಕ್ಕೆ ನಾವು ಅಂಕ ಕಳೆಯುವುದಿಲ್ಲ; ಕಾಗದವೆಂದು ಬರೆದರೆ ಕಳೆಯುತ್ತೇವೆ!

ಇನ್ನು ಮನೆಯ ಗೋಡೆಯ ಮೇಲಣ ಕ್ಯಾಲೆಂಡರನ್ನು ನೋಡಿರಿ. ತಮಿಳುನಾಡು ಸರ್ಕಾರದ ರಜಾಪಟ್ಟಿಯಲ್ಲಿ ಯುಗಾದಿ ಉಂಟು, ಆದರೆ ‘ತೆಲುಗು ಹೊಸ ವರ್ಷ’ವೆಂಬ ಹೆಸರಿನಲ್ಲಿ. ನಮ್ಮ ಮಗು ಬೇವುಬೆಲ್ಲ ತಿನ್ನುವ ದಿನ ಕೆಂಪಾಗಿಯೇ ಇದೆ, ಹೆಸರು ಮಾತ್ರ ನೆರೆಯವರದು. ರಜೆಯನ್ನು ಸರ್ಕಾರ ಕೊಟ್ಟಿದೆ. ಹೆಸರನ್ನು ತಾಯ್ತಂದೆಗಳೇ ಹೇಳಿಕೊಡಬೇಕು.

ಗುಮಟಾಪುರದ ಗೋರೆಹಬ್ಬಕ್ಕಂತೂ ಆ ಪಟ್ಟಿಯಲ್ಲಿ ಸ್ಥಳವೇ ಇಲ್ಲ. ಬಲಿಪಾಡ್ಯಮಿಯ ಮರುದಿನ ಊರ ಕೊಟ್ಟಿಗೆಗಳ ಸಗಣಿಯೆಲ್ಲ ಬೀರೇಶ್ವರನ ಗುಡಿಯ ಬಳಿ ರಾಶಿಯಾಗುತ್ತದೆ. ಗಂಡಸರೂ ಹುಡುಗರೂ ಅದನ್ನು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಅಂದು ಗುಮಟಾಪುರದ ಹುಡುಗರು ತರಗತಿಯಲ್ಲಿ ಏಕೆ ಕಾಣಲಿಲ್ಲವೆಂದು ನಾವು ಕೇಳುವುದಿಲ್ಲ. ಆದರೆ ಅದೇ ಹುಡುಗರು ರೆಡ್ ಲೆಟರ್ ಡೇ ಎಂಬುದನ್ನು ಸ್ವಂತ ವಾಕ್ಯದಲ್ಲಿ ಬಳಸಿರೆಂದರೆ, ಹಿಮ ಬೀಳುವ ದೇಶದ ಹಬ್ಬವೊಂದನ್ನು ಮಾರ್ಗದರ್ಶಿಯಿಂದ ನಕಲು ಮಾಡುತ್ತಾರೆ. ‘ಗೋರೆಹಬ್ಬ ನಮ್ಮೂರಿಗೆ ರೆಡ್ ಲೆಟರ್ ಡೇ’ ಎಂದು ಬರೆಯಿರಿ, ಅದು ಶುದ್ಧ ಇಂಗ್ಲಿಷೇ. ಸಗಣಿಗೆ ಇಂಗ್ಲಿಷ್ ಶಬ್ದವನ್ನು ಮಾತ್ರ ಪರೀಕ್ಷೆಗೆ ಮೊದಲೇ ನೋಡಿಕೊಂಡಿರಿ.