ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಕಾಯಿದೆಯ ರಕ್ಷಣೆಯೂ ಅದರ ಎಲ್ಲೆಗಳೂ
(ಗ್ರಾಮಸ್ಥರ ಸಭೆಗಾಗಿ ಉಪನ್ಯಾಸ)



ರಾಗಿಯನ್ನು ಹಗೇವಿನಲ್ಲಿಟ್ಟು ಒಳ್ಳೆಯ ಧಾರಣೆ ಬರುವವರೆಗೂ ಕಾಯಬಹುದು. ಬೆಳಿಗ್ಗೆ ಕರೆದ ಹಾಲನ್ನು ಅಂದೇ ಮಾರಬೇಕು. ಆದುದರಿಂದ ವರ್ತಕನೆದುರಿಗೆ ಒಂಟಿಯಾಗಿ ನಿಂತ ಒಕ್ಕಲಿಗನು ಅವನು ಹೇಳಿದ ಬೆಲೆಗೇ ಒಪ್ಪಬೇಕಾಗುವುದು. ಹಲವರು ಸೇರಿದರೆ ಬೆಲೆ ಕೇಳುವ ಶಕ್ತಿ ಬರುವುದು. ಆದರೆ ಹೀಗೆ ಕೂಡಿ ಬೆಲೆ ಗೊತ್ತುಮಾಡುವುದು ನ್ಯಾಯವೇ? ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದು ತೀರ್ಮಾನವಾದ ಬಗೆಯು ತಿಳಿಯತಕ್ಕದ್ದಾಗಿದೆ.

ಅಲ್ಲಿ 1890ರ ಷರ್ಮನ್ ಕಾಯಿದೆಯು ವ್ಯಾಪಾರವನ್ನು ತಡೆಯುವ ಕೂಟಗಳನ್ನೂ ಏಕಸ್ವಾಮ್ಯವನ್ನೂ ನಿಷೇಧಿಸಿತು. ದೊಡ್ಡ ಕಂಪೆನಿಗಳಿಗಾಗಿ ಹುಟ್ಟಿದ ಈ ಕಟ್ಟಳೆಯ ಭಯವು ಕೂಡಿ ಮಾರುವ ರೈತರಿಗೂ ತಗಲಿತು. 1914ರ ಕ್ಲೇಟನ್ ಕಾಯಿದೆಯು ಷೇರು ಬಂಡವಾಳವಿಲ್ಲದ ಸಂಘಗಳಿಗೆ ಮಾತ್ರ ಆಶ್ರಯವಿತ್ತಿತು. ತರುವಾಯ 1922ನೆಯ ಫೆಬ್ರವರಿ 18ರ ಕ್ಯಾಪರ್–ವೋಲ್‌ಸ್ಟೆಡ್ ಕಾಯಿದೆಯು, ಬೇಸಾಯಗಾರರೂ ಹಾಲು ಉತ್ಪಾದಕರೂ ಷೇರುಗಳಿರುವ ಸಂಘದಲ್ಲಿಯೂ ಸೇರಿ ತಮ್ಮ ಉತ್ಪನ್ನವನ್ನು ಸಿದ್ಧಪಡಿಸಿ ಮಾರಬಹುದೆಂದು ವಿಧಿಸಿತು.

ಈ ರಕ್ಷಣೆಗೆ ನಿಬಂಧನೆಗಳುಂಟು. ಸಂಘವು ಸದಸ್ಯರ ಪರಸ್ಪರ ಹಿತಕ್ಕಾಗಿಯೇ ನಡೆಯಬೇಕು. ಷೇರುಗಳೆಷ್ಟಿದ್ದರೂ ಸದಸ್ಯನಿಗೆ ಒಂದೇ ವೋಟು ಇರಬೇಕು. ಇಲ್ಲವೇ ವಾರ್ಷಿಕ ಲಾಭಾಂಶವು ಸೇಕಡಾ 8ನ್ನು ಮೀರಕೂಡದು. ಹೊರಗಿನವರಿಂದ ತಂದು ಮಾರುವ ಸರಕಿನ ಒಟ್ಟು ಮೌಲ್ಯವು ಸದಸ್ಯರ ಸರಕಿನ ಒಟ್ಟು ಮೌಲ್ಯಕ್ಕಿಂತ ಹೆಚ್ಚಾಗಕೂಡದು.

ಕೊಳ್ಳುವವರ ಹಿತವನ್ನೂ ಕಾಯಿದೆಯು ಮರೆತಿಲ್ಲ. ಸಂಘದ ಏಕಸ್ವಾಮ್ಯದಿಂದ ಬೆಲೆಯು ಅನುಚಿತವಾಗಿ ಏರಿತೆಂದು ನಂಬಲು ಕಾರಣವಿದ್ದರೆ, ವ್ಯವಸಾಯ ಕಾರ್ಯದರ್ಶಿಯು ಆಪಾದನೆಯನ್ನು ತಿಳಿಸಿ, 30 ದಿನಗಳಿಗೆ ಕಡಮೆಯಿಲ್ಲದ ಅವಧಿ ಕೊಟ್ಟು, ವಿಚಾರಣೆ ನಡೆಸಿ, ಆ ನಡತೆಯನ್ನು ನಿಲ್ಲಿಸುವಂತೆ ಆಜ್ಞಾಪಿಸಬಹುದು.

ನ್ಯಾಯಸ್ಥಾನಗಳೂ ಎಲ್ಲೆಯನ್ನು ತೋರಿಸಿವೆ. ಷಿಕಾಗೋ ನಗರದ ಹಾಲಿನ ಮೊಕದ್ದಮೆಯಲ್ಲಿ, ವರ್ತಕರೇ ಮೊದಲಾದ ಹೊರಗಿನವರೊಡನೆ ಒಳಸಂಚು ಹೂಡಿದ ಸಂಘಕ್ಕೆ ಈ ರಕ್ಷಣೆ ಸಲ್ಲದೆಂದು ಸುಪ್ರೀಂ ಕೋರ್ಟು 1939ರಲ್ಲಿ ಹೇಳಿತು. ವಾಷಿಂಗ್ಟನ್ ನಗರಕ್ಕೆ ಹಾಲೊದಗಿಸುತ್ತಿದ್ದ ಮೇರಿಲ್ಯಾಂಡ್–ವರ್ಜೀನಿಯಾ ಉತ್ಪಾದಕರ ಸಂಘವು 1954ರಲ್ಲಿ ಎಂಬಸಿ ಡೈರಿಯನ್ನು ಕೊಂಡುಕೊಂಡಿತು. ಆ ಡೈರಿಯು ಸಂಘದ ಹೊರಗಿನ ರೈತರಿಂದ ಹಾಲು ಕೊಳ್ಳುತ್ತಿದ್ದುದಾಗಿತ್ತು. ಸ್ಪರ್ಧೆಯನ್ನು ಹತ್ತಿಕ್ಕುವ ಇಂತಹ ಕಾರ್ಯಕ್ಕೆ ವಿನಾಯಿತಿಯಿಲ್ಲವೆಂದು 1960ರಲ್ಲಿ ತೀರ್ಪಾಯಿತು.

ಇದರಿಂದ ಗ್ರಾಮದ ಮುಖಂಡರು ಗ್ರಹಿಸತಕ್ಕದ್ದು ಇಷ್ಟೇ. ಬಡವನ ಒಂದು ಹಸುವಿಗೂ ಸಾಹುಕಾರನ ಹತ್ತು ಹಸುಗಳಿಗೂ ಸಂಘದಲ್ಲಿ ಒಂದೇ ಮರ್ಯಾದೆಯಿರಲಿ. ಲೆಕ್ಕವು ಎಲ್ಲರೆದುರಿಗೆ ಓದಲ್ಪಡಲಿ. ಕರೆದವನ ಶ್ರಮಕ್ಕೆ ತಕ್ಕ ಬೆಲೆ ಬರಲಿ. ಕುಡಿಯುವ ಮಗುವಿನ ಪಾಲಿಗೆ ಹಾಲು ಎಟುಕದಂತಾಗದಿರಲಿ. ಈ ಎರಡನ್ನೂ ಕಾಪಾಡುವ ಸಂಘವೇ ಬಹುಕಾಲ ಬಾಳುವುದು.