ಭಾರ ಎತ್ತಿದರೆ ಎಷ್ಟು ಕರಗುತ್ತದೆ, ಏನು ಉಳಿಯುತ್ತದೆ?

(ಸುವರ್ಣ ಮಹೋತ್ಸವದ ಎರಡನೆಯ ದಿನದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಾಲೆಯ ಐವತ್ತು ವರ್ಷದ ನೆನಪಿಗೆ ಹಳೆಯ ವಿದ್ಯಾರ್ಥಿಗಳ ಸಂಘದವರು ಮೈದಾನದ ಪಕ್ಕದ ಹಳೆಯ ಕೊಠಡಿಯನ್ನು ದುರಸ್ತಿ ಮಾಡಿಸಿ, ಡಂಬೆಲ್ಸ್, ಕಬ್ಬಿಣದ ಸರಳು, ತೂಕದ ಬಿಲ್ಲೆಗಳನ್ನು ಇಡಿಸಿದ್ದಾರೆ. ಸಂಜೆ ಅದು ಊರಿನವರಿಗೂ ತೆರೆದಿರುತ್ತದೆ. ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವನು ಎಂಬ ಕಾರಣಕ್ಕೆ, ಭಾರ ಎತ್ತಿದರೆ ಮೈಯಲ್ಲಿ ಏನಾಗುತ್ತದೆ ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ನನ್ನ ನಂತರ ಮಕ್ಕಳ ಡೊಳ್ಳು ಕುಣಿತವಿದೆ. ಸಮಯ ಮೀರುವುದಿಲ್ಲ.

ನಿನ್ನೆಯಿಂದ ನನ್ನನ್ನು ಕೇಳಿದವರದೆಲ್ಲ ಒಂದೇ ಪ್ರಶ್ನೆ: ‘ಸರ್, ಇದರಿಂದ ಹೊಟ್ಟೆ ಎಷ್ಟು ದಿನಕ್ಕೆ ಕರಗುತ್ತದೆ?’ ಲೆಕ್ಕ ಮಾಡಿಯೇ ಹೇಳುತ್ತೇನೆ. ಕೆಲವರಿಗೆ ನಿರಾಸೆಯಾದೀತು. ಮೂರು ತಿಂಗಳು ಬೆವರು ಸುರಿಸಿ, ತಕ್ಕಡಿ ಮುಂದೆ ನಿಂತು ಬೇಸರಪಟ್ಟು ಬಿಟ್ಟುಬಿಡುವುದಕ್ಕಿಂತ ಇವತ್ತೇ ನಿರಾಸೆಯಾಗಲಿ.

ಅರವತ್ತು ಕಿಲೋ ತೂಕದ ಮನುಷ್ಯ ಸುಮ್ಮನೆ ಕುಳಿತರೂ ಗಂಟೆಗೆ ಸುಮಾರು 60 ಕ್ಯಾಲರಿ ಖರ್ಚು ಮಾಡುತ್ತಾನೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಬರೆದಿರುತ್ತದಲ್ಲ, ಅದೇ ಕ್ಯಾಲರಿ. ಅದೇ ಮನುಷ್ಯ ಒಂದು ಗಂಟೆ ಸಾಧಾರಣವಾಗಿ ಭಾರ ಎತ್ತಿದರೆ, ನಡುನಡುವೆ ಕೂರುವುದೂ ಸೇರಿ, ಸುಮಾರು 210 ಕ್ಯಾಲರಿ. ಅಂದರೆ ವ್ಯಾಯಾಮದಿಂದ ಹೆಚ್ಚಾದದ್ದು 150. ಇದು 45 ಗ್ರಾಂ ಜೋಳದ ಹಿಟ್ಟಿನ ಶಕ್ತಿ. ಒಂದು ರೊಟ್ಟಿ, ಬಹಳವೆಂದರೆ ಒಂದೂವರೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7700 ಕ್ಯಾಲರಿ ಬೇಕು. ವಾರಕ್ಕೆ ಮೂರು ದಿನ ತಪ್ಪದೆ ಮಾಡಿದರೆ ಒಂದು ಕಿಲೋಗೆ ನಾಲ್ಕು ತಿಂಗಳು ಹಿಡಿಯುತ್ತದೆ. ಅದೂ, ವ್ಯಾಯಾಮ ಮಾಡಿದ್ದೇನೆ ಎಂದು ಮನೆಯಲ್ಲಿ ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಳ್ಳದಿದ್ದರೆ!

ಈ ಲೆಕ್ಕ ಹೇಗೆ ಸಿಗುತ್ತದೆ ಎಂದು ಮಕ್ಕಳು ಕೇಳಬೇಕು. ಉಸಿರಿನಿಂದ ಸಿಗುತ್ತದೆ. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಹತ್ತಿರ ಹತ್ತಿರ 5 ಕ್ಯಾಲರಿ ಖರ್ಚಾಯಿತು ಎಂದರ್ಥ. ಮುಖಕ್ಕೆ ಮುಖವಾಡ ಕಟ್ಟಿ ಉಸಿರು ಅಳೆಯುತ್ತಾರೆ. ನಡಿಗೆಗೆ, ಓಟಕ್ಕೆ ಈ ಅಳತೆ ಸರಿಯಾಗಿ ಕೂರುತ್ತದೆ. ಭಾರ ಎತ್ತುವಾಗ ಒಂದು ತೊಡಕಿದೆ. ಗುಂಡು ಎತ್ತುವ ಆ ಕೆಲವು ಕ್ಷಣಗಳಲ್ಲಿ ಸ್ನಾಯು ಆಮ್ಲಜನಕಕ್ಕಾಗಿ ಕಾಯುವುದಿಲ್ಲ. ತನ್ನಲ್ಲಿ ಕೂಡಿಟ್ಟದ್ದನ್ನು ಬಳಸಿಬಿಡುತ್ತದೆ. ಬಿಗಿದ ಸ್ನಾಯುವಿನೊಳಗೆ ರಕ್ತವೂ ಸರಿಯಾಗಿ ಹರಿಯುವುದಿಲ್ಲ. ಗುಂಡು ಕೆಳಗಿಟ್ಟ ಮೇಲೆ ಏದುಸಿರು ಶುರುವಾಗುತ್ತದೆ. ಕಿರಾಣಿ ಅಂಗಡಿಯ ಉದ್ರಿಯಂತೆ, ಸಾಮಾನು ಮೊದಲು, ದುಡ್ಡು ಆಮೇಲೆ.

ನೂರು ವರ್ಷಗಳ ಹಿಂದೆ ಬ್ರಿಟನ್ನಿನ ಆರ್ಚಿಬಾಲ್ಡ್ ಹಿಲ್ ಇದನ್ನು ‘ಆಮ್ಲಜನಕದ ಸಾಲ’ ಎಂದೇ ಕರೆದರು. ಸ್ನಾಯುವಿನಲ್ಲಿ ಶಾಖ ಹುಟ್ಟುವ ಬಗೆಯನ್ನು ಅಳೆದದ್ದಕ್ಕಾಗಿ 1922ರ ನೊಬೆಲ್ ಬಹುಮಾನವನ್ನು ಹಂಚಿಕೊಂಡವರು ಅವರು. ನಂತರದವರು ನೋಡಿದಾಗ, ಪಡೆದ ಸಾಲಕ್ಕಿಂತ ತೀರಿಸುವುದೇ ಹೆಚ್ಚು ಎಂದು ಗೊತ್ತಾಯಿತು. ಮೈ ಬಿಸಿಯಾಗಿರುತ್ತದೆ, ಎದೆಬಡಿತ ಇಳಿಯಲು ಹೊತ್ತು ಬೇಕು, ಹಾರ್ಮೋನುಗಳು ಏರಿರುತ್ತವೆ, ಸವೆದ ಸ್ನಾಯುವಿನ ರಿಪೇರಿ ನಡೆಯುತ್ತಿರುತ್ತದೆ. ಇದಕ್ಕೆಲ್ಲ ಶಕ್ತಿ ಬೇಕು. ಹೀಗಾಗಿ ವ್ಯಾಯಾಮ ಮುಗಿಸಿ ಮನೆಗೆ ಹೋಗಿ ಮಲಗಿದ ಮೇಲೂ ಖರ್ಚು ಸ್ವಲ್ಪ ಹೆಚ್ಚೇ ಇರುತ್ತದೆ.

ಈ ‘ಸ್ವಲ್ಪ’ವನ್ನೇ ಪೇಟೆಯ ಜಿಮ್‌ಗಳು ದೊಡ್ಡದು ಮಾಡಿ ಮಾರುತ್ತವೆ. ‘ಒಂದು ಗಂಟೆ ಎತ್ತಿ, ಎರಡು ದಿನ ಕೊಬ್ಬು ತಾನೇ ಉರಿಯುತ್ತದೆ’ ಎಂಬ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರ ಹಿಂದೆ ನಿಜವಾದ ಅಧ್ಯಯನವೇ ಇದೆ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಏಳು ಗಂಡಸರು ಅರ್ಧ ಗಂಟೆ ಬಹಳ ಭಾರವಾದ ವ್ಯಾಯಾಮ ಮಾಡಿದರು; 38 ಗಂಟೆಗಳ ನಂತರವೂ ಅವರ ಆಮ್ಲಜನಕ ಬಳಕೆ ಹೆಚ್ಚಿತ್ತು. ಆದರೆ ಅವರು ಏಳೇ ಜನ. ಬಿಲ್ಲೆ ಮೇಲೆ ಬಿಲ್ಲೆ ಏರಿಸಿ ಮೈಮುರಿದು ಎತ್ತಿದವರ ಲೆಕ್ಕವನ್ನು, ಎರಡು ಕಿಲೋ ಡಂಬೆಲ್ ಹಿಡಿದು ಮೊಬೈಲ್ ನೋಡುತ್ತ ನಿಲ್ಲುವವರಿಗೆ ಅಂಟಿಸಲಾಗದು. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಹೇಳುವಂತೆ, ನಂತರದ ಖರ್ಚು ವ್ಯಾಯಾಮಕ್ಕೆ ತಗಲಿದ ಖರ್ಚಿನ ಶೇಕಡಾ 6ರಿಂದ 15ರಷ್ಟು. ನಮ್ಮ 150 ಕ್ಯಾಲರಿಗೆ ಅದು 10ರಿಂದ 20ರ ಆಸುಪಾಸು. ಒಂದು ಚಮಚ ಸಕ್ಕರೆ.

‘ಸ್ನಾಯು ಬೆಳೆದರೆ ಕೂತಲ್ಲೇ ಕೊಬ್ಬು ಸುಡುತ್ತದೆ’ ಎಂಬುದೂ ಹೀಗೆಯೇ. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಬಳಸುವುದು ಸುಮಾರು 13 ಕ್ಯಾಲರಿ. ಕಷ್ಟಪಟ್ಟು ಎರಡು ಕಿಲೋ ಬೆಳೆಸಿದರೂ ದಿನಕ್ಕೆ 26.

ಹಾಗಾದರೆ ಸಂಘದವರು ಹಾಕಿದ ದುಡ್ಡು ದಂಡವೇ? ಖಂಡಿತ ಅಲ್ಲ. ಲಾಭವನ್ನು ನಾವು ತಪ್ಪು ಪುಟದಲ್ಲಿ ಹುಡುಕುತ್ತಿದ್ದೇವೆ, ಅಷ್ಟೆ.

ಈ ಶಾಲೆ ಶುರುವಾದಾಗ ನಮ್ಮ ಅವ್ವಂದಿರು ಬಾವಿಯಿಂದ ಕೊಡ ಹೊರುತ್ತಿದ್ದರು, ಬೀಸುವ ಕಲ್ಲು ತಿರುಗಿಸುತ್ತಿದ್ದರು. ಗಂಡಸರು ಜೋಳದ ಚೀಲಕ್ಕೆ ಹೆಗಲು ಕೊಡುತ್ತಿದ್ದರು. ಹಬ್ಬಕ್ಕೆ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ, ಗರಡಿ ಮನೆಯಲ್ಲಿ ದಂಡ, ಬೈಠಕ್. ಆ ಕಾಲವೇ ಚೆಂದ ಎಂದು ನಾನು ಹೇಳುವುದಿಲ್ಲ. ಆ ದುಡಿತದಲ್ಲಿ ಸೊಂಟ, ಮೊಣಕಾಲು ಸವೆಸಿಕೊಂಡ ತಾಯಂದಿರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ನಲ್ಲಿ ಬಂದದ್ದು, ಗಿರಣಿ ಬಂದದ್ದು ಒಳ್ಳೆಯದೇ. ಆದರೆ ಭಾರ ಹೊರುವ ಕೆಲಸ ಹೋದ ಜಾಗ ಖಾಲಿ ಉಳಿದಿದೆ. ಊಟ ಮಾತ್ರ ಅಷ್ಟೇ ಇದೆ. ಸಕ್ಕರೆ ಕಾಯಿಲೆಯ ಮಾತ್ರೆ ಮನೆಮನೆಗೂ ಬಂದಿದೆ.

ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ಇನ್ಸುಲಿನ್ ಒಳಗೆ ತಳ್ಳುತ್ತದೆ. ಅದರಲ್ಲಿ ದೊಡ್ಡ ಪಾಲನ್ನು ಹಿಡಿದಿಡುವ ಕಣಜ ನಮ್ಮ ಸ್ನಾಯು. ಭಾರ ಎತ್ತಿದಾಗ ಕಣಜ ಸ್ವಲ್ಪ ಖಾಲಿಯಾಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಮುಂದಿನ ಒಂದೆರಡು ದಿನ ಇನ್ಸುಲಿನ್ನಿನ ಮಾತನ್ನು ಸ್ನಾಯು ಚೆನ್ನಾಗಿ ಕೇಳುತ್ತದೆ. ‘ವ್ಯಾಯಾಮದ ನಂತರ’ ಎಂದು ಹೇಳಿಕೊಳ್ಳಬೇಕಾದದ್ದು ಇದನ್ನು, ಆ ಒಂದು ಚಮಚ ಸಕ್ಕರೆಯ ಉರಿತವನ್ನಲ್ಲ. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಟ್ಟು ಮಾಡಿ ಎನ್ನುವುದೂ ಈ ಕಾರಣಕ್ಕೇ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ. ಸಕ್ಕರೆ ತೀರಾ ಇಳಿದುಬಿಡಬಹುದು. ಬಿ.ಪಿ. ಇರುವವರು ಉಸಿರು ಕಟ್ಟಿ ಎತ್ತಬಾರದು.

ತೂಕ ಇಳಿಸಬೇಕೆನ್ನುವವರಿಗೂ ಇದರಿಂದ ಉಪಯೋಗವಿದೆ. ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಭಾರ ಎತ್ತುವವರಲ್ಲಿ ಸ್ನಾಯು ಬಹಳಮಟ್ಟಿಗೆ ಉಳಿದು ಕೊಬ್ಬು ಹೋಗುತ್ತದೆ. ಇಳಿಸುವ ಕೆಲಸ ತಟ್ಟೆಯದು, ಉಳಿಸುವ ಕೆಲಸ ಕಬ್ಬಿಣದ್ದು.

ಇನ್ನು ಹಿರಿಯರ ಮಾತು. ‘ಈ ವಯಸ್ಸಿಗೆ ನಮಗೇನು ಜಿಮ್ಮು’ ಎಂದು ನಗುತ್ತೀರಿ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ವೃದ್ಧರ ಆರೈಕೆ ಕೇಂದ್ರದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದ ವರದಿ ಪ್ರಕಟಿಸಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ಎಷ್ಟು ಕ್ಯಾಲರಿ ಕರಗಿತು ಎಂದು ಯಾರೂ ಕೇಳಲಿಲ್ಲ. ಬಚ್ಚಲಲ್ಲಿ ಜಾರದೆ ನಿಲ್ಲುವುದು, ಬಸ್ಸಿನ ಮೆಟ್ಟಿಲು ತಾನೇ ಹತ್ತುವುದು ಅವರಿಗೆ ದೊಡ್ಡದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದರಿಂದ ನೀವೂ ಶುರುಮಾಡಬಹುದು.

ಹುಡುಗರಿಗೆ ಒಂದು ಮಾತು: ಡಬ್ಬಿಯ ಪೌಡರಿಗೆ ಅಪ್ಪನ ದುಡ್ಡು ಸುರಿಯಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಪ್ರೋಟೀನ್ ದಿನಕ್ಕೆ, ಕಿಲೋ ತೂಕಕ್ಕೆ 0.83 ಗ್ರಾಂ. ಭಾರ ಎತ್ತುವವರಿಗೆ ಇನ್ನಷ್ಟು ಬೇಕು, ನಿಜ. ಅದು ಬೇಳೆ, ಹೆಸರುಕಾಳು, ಶೇಂಗಾ, ಹಾಲು, ಮೊಟ್ಟೆಯಲ್ಲೇ ಸಿಗುತ್ತದೆ.

ಮುಖ್ಯೋಪಾಧ್ಯಾಯರಲ್ಲಿ, ಸಂಘದವರಲ್ಲಿ ಎರಡು ವಿನಂತಿ. ವ್ಯಾಯಾಮದ ಪೀರಿಯಡ್ಡನ್ನು ಹತ್ತನೆಯ ತರಗತಿಯ ಗಣಿತಕ್ಕೆ ಕೊಡಬೇಡಿ. ನಾನೂ ಗಣಿತದ ಅಭಿಮಾನಿಯೇ. ಮತ್ತು ಆ ಕೊಠಡಿ ಸಂಜೆಯಿಡೀ ಹುಡುಗರ ಅಡ್ಡೆ ಆಗದಿರಲಿ. ಹೆಣ್ಣುಮಕ್ಕಳಿಗೆ, ತಾಯಂದಿರಿಗೆ ಬೇರೆ ಹೊತ್ತು ಗೊತ್ತುಮಾಡಿ ಬಾಗಿಲ ಮೇಲೆ ಬರೆಸಿ. ಬೀಗದ ಕೈಯೊಂದು ಅವರ ಬಳಿಯೂ ಇರಲಿ. ಡೊಳ್ಳಿನವರು ಸಿದ್ಧರಾಗುವವರೆಗೆ ಪ್ರಶ್ನೆಗಳಿದ್ದರೆ ಕೇಳಿ.